ನೈಟ್ರೋ ಆರ್‌ಸಿ ಕಾರಿಗೆ ಬ್ರಷ್‌ಲೆಸ್ ಮೋಟಾರ್: ಮೊದಲು ಹಲ್ಲು ಎಣಿಸಿ, ಆಮೇಲೆ ಮೋಟಾರ್ ಕೊಳ್ಳಿ

"ಅಟ್ಟದ ಮೇಲೆ ಹಳೇ ನೈಟ್ರೋ ಕಾರು ಬಿದ್ದಿದೆ, ಎಲೆಕ್ಟ್ರಿಕ್ ಮಾಡಬಹುದಾ, ಎಷ್ಟು ಕೆವಿ ಮೋಟಾರ್ ಹಾಕಲಿ?" ಆರ್‌ಸಿ ಕಾರಿನ, ಅಂದರೆ ರಿಮೋಟಿನಿಂದ ಓಡಿಸುವ ಆಟದ ಕಾರಿನ ಬಗ್ಗೆ ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಓದುಗರು ಕೇಳುವುದು ಹೆಚ್ಚುಕಮ್ಮಿ ಇದನ್ನೇ. ಮಾಡಬಹುದು. ಆದರೆ ಕೆವಿ, ಅಂದರೆ ಮೋಟಾರಿನ ವೇಗದ ಲೆಕ್ಕ, ಎಷ್ಟು ಅನ್ನುವುದು ಕೊನೆಗೆ ಕೇಳಬೇಕಾದ ಪ್ರಶ್ನೆ. ಈ ಕೆಲಸದಲ್ಲಿ ಕೈಕೊಡುವುದು ಎಲೆಕ್ಟ್ರಾನಿಕ್ಸ್ ಅಲ್ಲ, ಮೋಟಾರ್ ಕೂರಿಸುವ ಪ್ಲೇಟು ಮತ್ತು ಹಲ್ಲುಚಕ್ರ. ಅವೆರಡು ಸರಿಯಾದರೆ ಉಳಿದದ್ದು ವೈರು ಜೋಡಿಸುವ ಕೆಲಸ.

ಬದಲಾಯಿಸಲು ಕಾರಣ ಎಲ್ಲರಿಗೂ ಗೊತ್ತು. ನೈಟ್ರೋ ಇಂಧನ ಎಂದರೆ ಮೆಥನಾಲ್, ನೈಟ್ರೋಮೀಥೇನ್ ಮತ್ತು ಎಣ್ಣೆಯ ಮಿಶ್ರಣ. ಬೆಂಕಿ ಹತ್ತುವ ದ್ರವವಾದ್ದರಿಂದ ಕೊರಿಯರ್‌ನವರು ಮುಟ್ಟಲು ಹಿಂಜರಿಯುತ್ತಾರೆ. ಹೇಗೋ ತರಿಸಿದರೂ ಮೆಥನಾಲ್ ಗಾಳಿಯಲ್ಲಿನ ತೇವ ಹೀರಿಕೊಳ್ಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಗಳೇ ಬೆವರುವ ನಮ್ಮೂರಿನಲ್ಲಿ ಮುಚ್ಚಳ ಸಡಿಲವಾದ ಡಬ್ಬಿ ಕೆಟ್ಟಿತೆಂದೇ ಲೆಕ್ಕ. ಸದ್ದಿನ ಬಗ್ಗೆ ಅಕ್ಕಪಕ್ಕದ ಮನೆಯವರನ್ನೇ ಕೇಳಿ.

ಶುರು ಮಾಡುವ ಮುಂಚೆ

1/8 ಅಳತೆಯ (ನಿಜವಾದ ಕಾರಿನ ಎಂಟನೇ ಒಂದರಷ್ಟು) ಬಗ್ಗಿ ಅಥವಾ ಟ್ರಗ್ಗಿ (ಮಣ್ಣಿನಲ್ಲಿ ಓಡುವ ಮಾದರಿಗಳು), ಅದರಲ್ಲೂ ನಡುವೆ ಮುಂದಿನ, ಹಿಂದಿನ ಚಕ್ರಗಳಿಗೆ ಬಲ ಹಂಚುವ ಸೆಂಟರ್ ಡಿಫರೆನ್ಷಿಯಲ್ ಇರುವ ನಾಲ್ಕು ಚಕ್ರದ ಚಾಲನೆಯ ಕಾರಾದರೆ ಕೆಲಸ ಸಲೀಸು. 1/10 ಅಳತೆಯ, ಎರಡು ಗೇರಿನ ಕಾರುಗಳೂ ಆಗುತ್ತವೆ, ಆದರೆ ಅವುಗಳ ಗೇರಿನಲ್ಲಿ ಒಂದು ತೊಡಕಿದೆ, 2ನೇ ಹಂತದಲ್ಲಿ ಹೇಳುತ್ತೇನೆ. ಡಿಫರೆನ್ಷಿಯಲ್ ಸವೆದಿದೆ, ಆಕ್ಸಲ್ ಬಾಗಿದೆ, ಬಿಡಿಭಾಗ ಎಲ್ಲೂ ಸಿಗುವುದಿಲ್ಲ ಅನ್ನುವ ಕಾರಿಗೆ ಮಾತ್ರ ಕೈ ಹಾಕಬೇಡಿ. ಆ ದುಡ್ಡಿಗೆ ಸೆಕೆಂಡ್‌ಹ್ಯಾಂಡ್ ಎಲೆಕ್ಟ್ರಿಕ್ ಕಾರು ನೋಡುವುದು ಜಾಣತನ.

ಬೇಕಾಗುವ ಸಾಮಾನು: ಬ್ರಷ್‌ಲೆಸ್ ಮೋಟಾರ್ (ಒಳಗೆ ಕಾರ್ಬನ್ ಬ್ರಷ್ ಇಲ್ಲದ ಮೋಟಾರ್), ಇಎಸ್‌ಸಿ, ಲಿಪೋ ಬ್ಯಾಟರಿ, ಅದರ ಸೆಲ್ಲುಗಳನ್ನು ಸಮನಾಗಿ ತುಂಬುವ ಬ್ಯಾಲೆನ್ಸ್ ಚಾರ್ಜರ್, ಉಕ್ಕಿನ ಪಿನಿಯನ್, ಮೋಟಾರ್ ಪ್ಲೇಟು, ಬ್ಯಾಟರಿ ಟ್ರೇ. ಇಎಸ್‌ಸಿ ಎಂದರೆ ಮೋಟಾರಿಗೆ ಹೋಗುವ ವಿದ್ಯುತ್ತನ್ನು ರಿಮೋಟಿನ ಮಾತಿನಂತೆ ಹೆಚ್ಚುಕಡಿಮೆ ಮಾಡುವ ವೇಗ ನಿಯಂತ್ರಕ. ಪಿನಿಯನ್ ಎಂದರೆ ಮೋಟಾರ್ ಶಾಫ್ಟಿನ ಚಿಕ್ಕ ಹಲ್ಲುಚಕ್ರ, ಅದು ತಿರುಗಿಸುವ ದೊಡ್ಡ ಹಲ್ಲುಚಕ್ರ ಸ್ಪರ್. ಉಪಕರಣಗಳಲ್ಲಿ ಒಳ್ಳೆಯ ಅಲೆನ್ ಕೀ ಸೆಟ್, ವರ್ನಿಯರ್ ಕ್ಯಾಲಿಪರ್, 60 ವ್ಯಾಟಿಗೆ ಕಡಿಮೆಯಿಲ್ಲದ ಸೋಲ್ಡರಿಂಗ್ ಐರನ್, ಸ್ಕ್ರೂ ಸಡಿಲವಾಗದಂತೆ ಹಿಡಿಯುವ ನೀಲಿ ಥ್ರೆಡ್‌ಲಾಕ್ ಅಂಟು ಬೇಕೇ ಬೇಕು. ರೇಡಿಯೋ ರಿಪೇರಿಗೆ ಇಟ್ಟುಕೊಂಡ 25 ವ್ಯಾಟಿನ ಐರನ್ ಈ ದಪ್ಪ ವೈರುಗಳಿಗೆ ಸಾಲದು.

ನಿಮ್ಮ ಕಾರಿನ ಮಾಡೆಲ್‌ಗೇ ತಯಾರಾದ ಕನ್ವರ್ಷನ್ ಕಿಟ್ ಸಿಕ್ಕರೆ ಕಣ್ಣು ಮುಚ್ಚಿ ಅದನ್ನೇ ಕೊಳ್ಳಿ. 3ನೇ ಹಂತದ ಮುಕ್ಕಾಲು ಪಾಲು ತಲೆನೋವು ತಪ್ಪುತ್ತದೆ.

1. ಬಿಚ್ಚುವುದು, ತೊಳೆಯುವುದು

ಟ್ಯಾಂಕ್ ಮೊದಲು ಖಾಲಿ ಮಾಡಿ. ಮೆಥನಾಲ್ ವಿಷ, ಚರ್ಮದ ಮೂಲಕವೂ ಮೈಗೆ ಸೇರುತ್ತದೆ, ಹೊಟ್ಟೆಗೆ ಹೋದರೆ ಕಣ್ಣು ಹೋಗಬಹುದು, ಪ್ರಾಣವೂ ಹೋಗಬಹುದು. ಗ್ಲೌಸ್ ಹಾಕಿ. ಉಳಿದ ಇಂಧನವನ್ನು ನೀರಿನ ಬಾಟಲಿಗೆ ಸುರಿದಿಡಬೇಡಿ, ತೋಟದ ಕಪ್ಪಿಗೋ (ನೀರು ಹರಿಯುವ ಕಾಲುವೆಗೋ) ಬಾವಿಕಟ್ಟೆಯ ಹತ್ತಿರಕ್ಕೋ ಚೆಲ್ಲಬೇಡಿ. ಸುಡುವ ಯೋಚನೆಯೂ ಬೇಡ, ಮೆಥನಾಲಿನ ಉರಿ ಹಗಲು ಬೆಳಕಿನಲ್ಲಿ ಕಾಣುವುದೇ ಇಲ್ಲ. ಮೂಲ ಡಬ್ಬಿಯಲ್ಲೇ ಬಿಗಿಯಾಗಿ ಮುಚ್ಚಿ, ಇನ್ನೂ ನೈಟ್ರೋ ಓಡಿಸುವವರಿಗೆ ಕೊಟ್ಟುಬಿಡಿ.

ಎಂಜಿನ್, ಸೈಲೆನ್ಸರ್ ಪೈಪ್, ಟ್ಯಾಂಕ್, ಕ್ಲಚ್ ಬೆಲ್, ಫ್ಲೈವೀಲ್, ಥ್ರಾಟಲ್-ಬ್ರೇಕ್ ಸರ್ವೋ (ರಿಮೋಟಿನ ಮಾತಿನಂತೆ ಕಡ್ಡಿ ಎಳೆಯುವ ಚಿಕ್ಕ ಮೋಟಾರ್) ಮತ್ತು ಅದರ ಕಡ್ಡಿಗಳು, ರಿಸೀವರಿನ ಬ್ಯಾಟರಿ, ಡಿಸ್ಕ್ ಬ್ರೇಕ್ ಎಲ್ಲ ಹೊರಗೆ. ಸ್ಟಿಯರಿಂಗ್ ಸರ್ವೋ ಇರಲಿ. ಎಂಜಿನ್ ಮಾರುವ ಆಸೆಯಿದ್ದರೆ ಗ್ಲೋ ಪ್ಲಗ್ ತೂತಿಗೂ ಕಾರ್ಬ್ಯುರೇಟರಿಗೂ ನಾಲ್ಕು ಹನಿ ಎಣ್ಣೆ ಬಿಟ್ಟು ತಿರುಗಿಸಿಡಿ, ಇಲ್ಲದಿದ್ದರೆ ಒಂದು ಮಳೆಗಾಲಕ್ಕೆ ಬೇರಿಂಗ್ ತುಕ್ಕು ಹಿಡಿಯುತ್ತದೆ.

ಶಾಸಿಗೆ ಅಂಟಿದ ಜಿಡ್ಡನ್ನು ಡೀಸೆಲಿನಲ್ಲಿ ಉಜ್ಜಿ, ಆಮೇಲೆ ಪಾತ್ರೆ ಸೋಪು, ಬಿಸಿ ನೀರು. ಜಿಡ್ಡು ಉಳಿದರೆ ಡಬಲ್ ಟೇಪ್ ಹಿಡಿಯದು, ಥ್ರೆಡ್‌ಲಾಕ್ ಕಚ್ಚದು.

ಈಗ ಶಾಸಿಯನ್ನು ಮಗುಚಿ ನೋಡಿ. ಫ್ಲೈವೀಲ್ ಇದ್ದ ಜಾಗದಲ್ಲಿ ಉದ್ದನೆಯ ಕಂಡಿ ಕಾಣುತ್ತದೆ, ಸ್ಟಾರ್ಟರ್ ಬಾಕ್ಸಿನ ಚಕ್ರ ಒಳಗೆ ತಾಗಲೆಂದು ಬಿಟ್ಟದ್ದು. ಬಹಳ ಜನ ಇದನ್ನು ಹಾಗೇ ಬಿಡುತ್ತಾರೆ. ನಮ್ಮ ಜಂಬಿಟ್ಟಿಗೆ ಮಣ್ಣಿನ ಹರಳು ನೇರ ಇದರೊಳಗಿಂದ ಪಿನಿಯನ್-ಸ್ಪರ್ ನಡುವೆ ಹೋಗಿ ಸಿಕ್ಕಿಕೊಳ್ಳುತ್ತದೆ, ಒಂದೇ ಹರಳು ಪ್ಲಾಸ್ಟಿಕ್ ಸ್ಪರ್‌ನ ಹಲ್ಲು ಬೋಳಿಸಲು ಸಾಕು. 1 ಮಿ.ಮೀ. ಅಲ್ಯೂಮಿನಿಯಂ ತಗಡು ಕತ್ತರಿಸಿ ಒಳಗಿಂದ ಮುಚ್ಚಿ.

2. ಗೇರು ಪರೀಕ್ಷೆ

ಸ್ಪರ್ ಅನ್ನು ಬೆರಳಿನಿಂದ ಮುಂದಕ್ಕೆ ತಿರುಗಿಸಿ, ಚಕ್ರಗಳು ತಿರುಗುತ್ತವೆ. ಹಿಂದಕ್ಕೆ ತಿರುಗಿಸಿ. ಚಕ್ರಗಳು ಹಿಂದಕ್ಕೂ ತಿರುಗಬೇಕು. ಸ್ಪರ್ ಮಾತ್ರ ಸಲೀಸಾಗಿ ತಿರುಗಿ ಚಕ್ರ ಅಲ್ಲಾಡದಿದ್ದರೆ ಒಳಗೆ ಒನ್-ವೇ ಬೇರಿಂಗ್ ಇದೆ ಎಂದರ್ಥ, ಅಂದರೆ ಒಂದೇ ದಿಕ್ಕಿಗೆ ಹಿಡಿದು ಇನ್ನೊಂದು ದಿಕ್ಕಿಗೆ ಜಾರುವ ಬೇರಿಂಗ್.

ಎರಡು ಗೇರಿನ ನೈಟ್ರೋ ಕಾರುಗಳ ಮೊದಲನೇ ಗೇರು ಇಂಥ ಬೇರಿಂಗ್ ಮೇಲೆಯೇ ಕೂತಿರುತ್ತದೆ. ವೇಗ ಹೆಚ್ಚಿ ಎರಡನೇ ಗೇರು ಹಿಡಿದಾಗ ಮೊದಲನೆಯದು ಜಾರಿಕೊಳ್ಳಲಿ ಎಂದು ಆ ಏರ್ಪಾಡು. ನೈಟ್ರೋದಲ್ಲಿ ಬ್ರೇಕಿಗೆ ಬೇರೆ ಡಿಸ್ಕ್ ಇತ್ತು, ಸಮಸ್ಯೆ ಇರಲಿಲ್ಲ. ಎಲೆಕ್ಟ್ರಿಕ್‌ನಲ್ಲಿ ಬ್ರೇಕ್ ಹಾಕುವುದೂ ಮೋಟಾರೇ, ರಿವರ್ಸ್ ಹೋಗುವುದೂ ಮೋಟಾರೇ. ಬೇರಿಂಗ್ ಜಾರಿದರೆ ಎರಡೂ ಇಲ್ಲ. ಎಲ್ಲ ಜೋಡಿಸಿ, ರಸ್ತೆಗಿಳಿಸಿ, ಬ್ರೇಕ್ ಒತ್ತಿದಾಗ ಕಾರು ನಿಲ್ಲದೆ ಹೋದ ಮೇಲೆ ಇದು ಗೊತ್ತಾಗುವುದು ಯಾರಿಗೂ ಬೇಡ.

ಪರಿಹಾರ: ಎರಡು ಗೇರಿನ ಜೋಡಣೆ ಪೂರ್ತಿ ತೆಗೆದು, ಅದೇ ಶಾಫ್ಟಿಗೆ ಒಂಟಿ ಸ್ಪರ್ ಹಾಕಿ. ಹಬ್ ಸಿಗದಿದ್ದರೆ ಲೇತಿನಲ್ಲಿ ಮಾಡಿಸಿ, ಶಾಫ್ಟಿಗೆ ಅಡ್ಡಪಿನ್ನು ಹೊಡೆಸಿ. ಸೂಪರ್‌ಗ್ಲೂ ಹಾಕಿ ಬೇರಿಂಗ್ ಲಾಕ್ ಮಾಡುವ ಉಪಾಯವನ್ನು ಯಾರಾದರೂ ಹೇಳಿದರೆ ನಗುತ್ತಾ ಕೇಳಿಸಿಕೊಳ್ಳಿ, ಮಾಡಬೇಡಿ. ಮೋಟಾರಿನ ಎಳೆತಕ್ಕೆ ಅದು ಒಂದು ಬ್ಯಾಟರಿ ಬಾಳುವುದಿಲ್ಲ.

ಮುಂದಿನದು ಹಲ್ಲಿನ ಅಳತೆ. ಇದನ್ನು ಮಾಡ್ಯೂಲ್ ಎನ್ನುತ್ತಾರೆ. ಸ್ಪರ್‌ನ ಹೊರವ್ಯಾಸವನ್ನು ಮಿ.ಮೀ.ನಲ್ಲಿ ಅಳೆದು, ಹಲ್ಲುಗಳ ಸಂಖ್ಯೆಗೆ 2 ಕೂಡಿಸಿ ಬಂದದ್ದರಿಂದ ಭಾಗಿಸಿ. 46 ಹಲ್ಲಿನ ಸ್ಪರ್ 48 ಮಿ.ಮೀ. ಇದ್ದರೆ 48 ಭಾಗಿಸು 48, ಅಂದರೆ ಮಾಡ್ಯೂಲ್ 1. ಸಾಮಾನ್ಯವಾಗಿ 1/8 ಕಾರುಗಳದ್ದು ಇದೇ. 1/10ರಲ್ಲಿ 0.8 ಮಾಡ್ಯೂಲ್, 32 ಪಿಚ್, 48 ಪಿಚ್ ಹೀಗೆ ಬೇರೆ ಬೇರೆ ಇರುತ್ತವೆ. ಪಿಚ್ ಎಂದರೆ ಇಂಚಿನ ಲೆಕ್ಕದ ಹಲ್ಲಿನ ಅಳತೆ, 25.4ನ್ನು ಅದರಿಂದ ಭಾಗಿಸಿದರೆ ಮಾಡ್ಯೂಲ್ ಸಿಗುತ್ತದೆ. 32 ಪಿಚ್ ಲೆಕ್ಕ ಹಾಕಿದರೆ 0.79 ಬರುತ್ತದೆ, ಹಾಗಾಗಿ 0.8 ಜೊತೆ ನಡೆಯುತ್ತದೆ. ಆದರೆ 48 ಪಿಚ್ ಎಂದರೆ 0.53, ಅದನ್ನು 0.6 ಜೊತೆ ಕೂಡಿಸಿದರೆ ಎರಡೂ ಹಾಳು.

3. ಮೋಟಾರ್ ಪ್ಲೇಟು

ಇಡೀ ಕೆಲಸದಲ್ಲಿ ಸಾವಧಾನ ಬೇಕಾದ್ದು ಇಲ್ಲಿ. ಅಗ್ಗದ ಮೋಟಾರ್ ಒಳ್ಳೆಯ ಪ್ಲೇಟಿನ ಮೇಲೆ ವರ್ಷಗಟ್ಟಲೆ ಓಡುತ್ತದೆ. ದುಬಾರಿ ಮೋಟಾರ್ ಅಲ್ಲಾಡುವ ಪ್ಲೇಟಿನ ಮೇಲೆ ಮಧ್ಯಾಹ್ನದೊಳಗೆ ಸ್ಪರ್ ತಿನ್ನುತ್ತದೆ.

ಮೊದಲು ಎರಡು ಶಾಫ್ಟುಗಳ ನಡುವಿನ ದೂರ ಲೆಕ್ಕ ಹಾಕಿ. ಪಿನಿಯನ್ ಹಲ್ಲು, ಸ್ಪರ್ ಹಲ್ಲು ಕೂಡಿಸಿ, ಅರ್ಧ ಮಾಡಿ, ಮಾಡ್ಯೂಲಿನಿಂದ ಗುಣಿಸಿ. 15 ಮತ್ತು 46 ಹಲ್ಲಿಗೆ ಮಾಡ್ಯೂಲ್ 1ರಲ್ಲಿ ಇದು 30.5 ಮಿ.ಮೀ. 13 ಹಲ್ಲಿನ ಪಿನಿಯನ್ ಹಾಕಿದರೆ 29.5, 17ಕ್ಕೆ 31.5. ಆದ್ದರಿಂದ ಮೋಟಾರ್ ಸ್ಕ್ರೂ ಕೂರುವ ತೂತುಗಳು ದುಂಡಗಿರಬಾರದು, ಮೋಟಾರ್ 3 ಮಿ.ಮೀ. ಆದರೂ ಹಿಂದೆಮುಂದೆ ಸರಿಯುವಂತೆ ಉದ್ದ ಕಂಡಿಯಾಗಿರಬೇಕು.

ಮುಂದೆ ಜಾಗ. 42 ಮಿ.ಮೀ. ದಪ್ಪದ ಮೋಟಾರ್ ಆದರೆ ಅದರ ಅರ್ಧ 21. 30.5ರಲ್ಲಿ 21 ಕಳೆದರೆ ಉಳಿಯುವುದು 9.5 ಮಿ.ಮೀ., ನಡುವಿನ ಡ್ರೈವ್‌ಶಾಫ್ಟ್ ಇಷ್ಟರಲ್ಲೇ ಸುತ್ತಬೇಕು. ಶಾಸಿಯ ನೆಲದಿಂದ ಮೋಟಾರ್ ಶಾಫ್ಟಿನ ಎತ್ತರ 21ಕ್ಕಿಂತ ಕಡಿಮೆ ಬಂದರೆ ಆ ಮೋಟಾರ್ ಕೂರುವುದೇ ಇಲ್ಲ. ಆಗ 36 ಮಿ.ಮೀ. ದಪ್ಪದ್ದನ್ನು ಆರಿಸಿ. ಮೋಟಾರ್ ಕೊಳ್ಳುವ ಮುಂಚೆ ರಟ್ಟಿನಲ್ಲಿ ಅದೇ ಅಳತೆಯ ಕೊಳವೆ ಸುತ್ತಿ ಇಟ್ಟು ನೋಡಿದರೆ ಖರ್ಚಿಲ್ಲದೆ ಗೊತ್ತಾಗುತ್ತದೆ.

ಪ್ಲೇಟಿಗೆ 5 ಅಥವಾ 6 ಮಿ.ಮೀ. ದಪ್ಪದ ಅಲ್ಯೂಮಿನಿಯಂ ಬೇಕು. ಕಿಟಕಿ, ಪಾರ್ಟಿಷನ್ ಮಾಡುವವರ ಬಳಿ ಸಿಗುವ ತೆಳು ಆ್ಯಂಗಲ್ ಬಾಗುತ್ತದೆ, ಬೇಡ. ಶಿವಮೊಗ್ಗದವರು ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್ ಕಡೆ ಲೇತ್ ಇಟ್ಟುಕೊಂಡವರನ್ನು ವಿಚಾರಿಸಿ. ಸಾಗರ, ತೀರ್ಥಹಳ್ಳಿಯಲ್ಲಿ ಪಂಪ್‌ಸೆಟ್, ಅಡಿಕೆ ಸುಲಿಯುವ ಯಂತ್ರ ರಿಪೇರಿ ಮಾಡುವವರಿಗೂ ಇದು ಕಷ್ಟದ ಕೆಲಸವಲ್ಲ. ಬಾಯಲ್ಲಿ ಹೇಳಬೇಡಿ. ಕಾಗದದಲ್ಲಿ ಮಿ.ಮೀ. ಅಳತೆ ಬರೆದು, ಮೋಟಾರ್ ಮತ್ತು ಶಾಸಿ ಎರಡನ್ನೂ ಒಯ್ಯಿರಿ. "ಆಟದ ಕಾರಿಗಾ?" ಎಂದು ಕೇಳುತ್ತಾರೆ, ಕೇಳಲಿ. ಹಳೇ ಎಂಜಿನ್ ಸ್ಕ್ರೂಗಳ ತೂತುಗಳನ್ನೇ ಬಳಸುವಂತೆ ಪ್ಲೇಟಿನ ಬುಡ ಮಾಡಿಸಿದರೆ ಶಾಸಿಗೆ ಹೊಸ ತೂತು ಕೊರೆಯಬೇಕಿಲ್ಲ.

ಒಂದು ಎಚ್ಚರಿಕೆ. ಮೋಟಾರ್ ಮುಖದ ಸ್ಕ್ರೂ ಉದ್ದವಾದರೆ ಒಳಗಿನ ತಾಮ್ರದ ಸುರುಳಿಗೆ ಚುಚ್ಚುತ್ತದೆ, ಮೋಟಾರ್ ಜೊತೆ ಇಎಸ್‌ಸಿಯೂ ಸುಡುತ್ತದೆ. ಮೋಟಾರಿನ ಕಾಗದದಲ್ಲಿ ಸ್ಕ್ರೂ ಎಷ್ಟು ಆಳ ಹೋಗಬಹುದು ಎಂದು ಬರೆದಿರುತ್ತದೆ. ಅದಕ್ಕೆ ಪ್ಲೇಟಿನ ದಪ್ಪ ಕೂಡಿಸಿ, ಅದಕ್ಕಿಂತ ಚಿಕ್ಕದನ್ನೇ ಹಾಕಿ.

ಪಿನಿಯನ್ ಕೂರಿಸುವಾಗ ಅದರ ಗ್ರಬ್ ಸ್ಕ್ರೂ, ಎಂದರೆ ತಲೆಯಿಲ್ಲದ ಸ್ಕ್ರೂ, ಶಾಫ್ಟಿನ ಚಪ್ಪಟೆ ಭಾಗದ ಮೇಲೆಯೇ ಕೂರಬೇಕು. ಸ್ಪಿರಿಟ್ ಹಾಕಿ ಒರೆಸಿ, ಥ್ರೆಡ್‌ಲಾಕ್ ಹಚ್ಚಿ ಬಿಗಿ ಮಾಡಿ. ಹಲ್ಲುಗಳ ನಡುವೆ ನೋಟ್‌ಬುಕ್ ಹಾಳೆಯ ಒಂದು ಚೂರು ಇಟ್ಟು, ಮೋಟಾರನ್ನು ಸ್ಪರ್‌ಗೆ ಒತ್ತಿ ಹಿಡಿದು ಸ್ಕ್ರೂ ಬಿಗಿ ಮಾಡಿ, ಕಾಗದ ಎಳೆಯಿರಿ. ಕಾಗದ ಮಡಿಕೆ ಮಡಿಕೆಯಾಗಿ ಬರಬೇಕು, ಹರಿಯಬಾರದು. ಸ್ಪರ್ ಅನ್ನು ಪೂರ್ತಿ ಒಂದು ಸುತ್ತು ತಿರುಗಿಸಿ ಎಲ್ಲೂ ಬಿಗಿಯಾಗುತ್ತಿಲ್ಲ ಎಂದು ನೋಡಿ.

4. ಈಗ ಕೆವಿ

ಕೆವಿ ಎಂದರೆ ಕಿಲೋವೋಲ್ಟ್ ಅಲ್ಲ. ಒಂದು ವೋಲ್ಟಿಗೆ, ಭಾರವಿಲ್ಲದಾಗ, ಮೋಟಾರ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಅನ್ನುವ ಲೆಕ್ಕ. ಲಿಪೋ ಎಂದರೆ ಲಿಥಿಯಂ ಪಾಲಿಮರ್ ಬ್ಯಾಟರಿ. ಅದರ ಒಂದು ಸೆಲ್ 3.7 ವೋಲ್ಟ್, ಸರಣಿಯಲ್ಲಿ ನಾಲ್ಕು ಸೆಲ್ ಇದ್ದರೆ 4ಎಸ್, 14.8 ವೋಲ್ಟ್.

2000 ಕೆವಿ ಮೋಟಾರ್ 4ಎಸ್‌ನಲ್ಲಿ 29,600 ಸುತ್ತು. ಸ್ಪರ್ 46, ಪಿನಿಯನ್ 15 ಆದರೆ ಮೊದಲ ಇಳಿಕೆ 3.07. ಡಿಫರೆನ್ಷಿಯಲ್‌ನಲ್ಲಿ 43 ಮತ್ತು 13 ಹಲ್ಲಿದ್ದರೆ ಇನ್ನೊಂದು 3.31. ಒಟ್ಟು 10.1. ಟೈರಿನ ವ್ಯಾಸ 115 ಮಿ.ಮೀ. ಹಿಡಿದರೆ ಗಂಟೆಗೆ ಸುಮಾರು 63 ಕಿ.ಮೀ. ಬರುತ್ತದೆ. ಗಾಳಿ, ತಿಕ್ಕಾಟ ಕಳೆದರೆ ಇನ್ನೂ ಕಡಿಮೆ. ನಮ್ಮ ರಸ್ತೆಗಳಿಗೆ ಇಷ್ಟು ಧಾರಾಳ. ನೂರು ಮುಟ್ಟಿಸುವ ಹಟವಿದ್ದರೆ ಡಿಫರೆನ್ಷಿಯಲ್‌ಗಳಿಗೂ ದುಡ್ಡು ಎತ್ತಿಡಿ.

1/8 ಕಾರಿಗೆ 1900ರಿಂದ 2250 ಕೆವಿ, 4ಎಸ್ ಬ್ಯಾಟರಿ, 120ರಿಂದ 150 ಆಂಪಿಯರ್ ಇಎಸ್‌ಸಿ ಸರಿಯಾದ ಜೋಡಿ. 1/10ಕ್ಕೆ 3650 ಅಳತೆಯ ಮೋಟಾರ್ ಸಾಕು, ಅಂದರೆ 36 ಮಿ.ಮೀ. ದಪ್ಪ, 50 ಮಿ.ಮೀ. ಉದ್ದ. ಅದನ್ನು 3000ದಿಂದ 3900 ಕೆವಿಯೊಳಗೆ, 60ರಿಂದ 80 ಆಂಪಿಯರ್ ಇಎಸ್‌ಸಿ ಜೊತೆ ಹಾಕಿ, 2ಎಸ್‌ನಲ್ಲಿ ಶುರು ಮಾಡಿ. ಅನುಮಾನವಿದ್ದರೆ ಕಡಿಮೆ ಕೆವಿ, ಹೆಚ್ಚು ವೋಲ್ಟೇಜ್ ಕಡೆ ವಾಲಿ. ಅಷ್ಟೇ ಶಕ್ತಿಗೆ ಕಡಿಮೆ ಕರೆಂಟ್ ಹರಿಯುತ್ತದೆ, ಬಿಸಿ ಕಡಿಮೆ.

ಎಂಜಿನ್ ಕ್ಲಚ್ ಜಾರಿಸಿಕೊಂಡು ನಿಧಾನ ಎಳೆಯುತ್ತಿತ್ತು, ಬ್ರಷ್‌ಲೆಸ್ ಮೋಟಾರ್ ನಿಂತ ಜಾಗದಿಂದಲೇ ಪೂರ್ತಿ ಬಲ ಹಾಕುತ್ತದೆ. ಹಳೇ ಡ್ರೈವ್‌ಶಾಫ್ಟುಗಳಿಗೆ ಆ ಅಭ್ಯಾಸವಿಲ್ಲ. ಇಎಸ್‌ಸಿಯ ಪಂಚ್ ಸೆಟ್ಟಿಂಗ್, ಅಂದರೆ ಹೊರಡುವಾಗಿನ ಎಳೆತದ ಜೋರು, ಕೆಳಗಿನ ಮಟ್ಟದಲ್ಲಿಡಿ.

5. ಬ್ಯಾಟರಿ ಟ್ರೇ ಮತ್ತು ವೈರು

ಟ್ಯಾಂಕ್ ಇದ್ದ ಬದಿಗೆ ಬ್ಯಾಟರಿ. ಗಟ್ಟಿ ಕವಚದ ಸಾಮಾನ್ಯ ಪ್ಯಾಕಿನ ಅಡಿ ಸುಮಾರು 139 x 47 ಮಿ.ಮೀ. ಅಷ್ಟು ಜಾಗ ಇದೆಯೇ ನೋಡಿ. ಎರಡು 2ಎಸ್ ಪ್ಯಾಕುಗಳನ್ನು ಸರಣಿಯಲ್ಲಿ ಜೋಡಿಸಿಯೂ 4ಎಸ್ ಮಾಡಬಹುದು, ಆದರೆ ಎರಡೂ ಒಂದೇ ಸಾಮರ್ಥ್ಯದ್ದು, ಒಂದೇ ವಯಸ್ಸಿನದ್ದು ಆಗಿರಬೇಕು. ಟ್ರೇಯ ನಾಲ್ಕೂ ಬದಿಗೆ ಅಂಚಿರಲಿ, ಎರಡು ವೆಲ್ಕ್ರೋ ಪಟ್ಟಿ ಹಾಕಿ. ಕಾರು ಪಲ್ಟಿ ಹೊಡೆದಾಗ ಬ್ಯಾಟರಿ ಹೊರಗೆ ಹಾರಿದರೆ ಅಪಾಯ.

ಕನೆಕ್ಟರ್ ಸೋಲ್ಡರ್ ಮಾಡುವಾಗ ಬ್ಯಾಟರಿಯ ಎರಡು ವೈರನ್ನೂ ಒಟ್ಟಿಗೆ ಬಿಚ್ಚಿಡಬೇಡಿ. ಒಂದು ಮುಗಿಸಿ, ಶ್ರಿಂಕ್ ಟ್ಯೂಬ್ ಹಾಕಿ, ಆಮೇಲೆ ಇನ್ನೊಂದು. ಕೆಂಪು-ಕಪ್ಪು ಅದಲುಬದಲಾದರೆ ಇಎಸ್‌ಸಿ ಕ್ಷಣದಲ್ಲಿ ಹೋಗುತ್ತದೆ, ವಾರಂಟಿಯೂ ಸಿಗದು.

ಇಎಸ್‌ಸಿಯಿಂದ ಮೋಟಾರಿಗೆ ಮೂರು ವೈರು. ಸೆನ್ಸರ್ ಇಲ್ಲದ ಮೋಟಾರ್ ಹಿಂದುಮುಂದಾಗಿ ತಿರುಗಿದರೆ ಯಾವುದಾದರೂ ಎರಡನ್ನು ಅದಲುಬದಲು ಮಾಡಿ. ಸೆನ್ಸರ್ ಇರುವ ಮೋಟಾರಿನಲ್ಲಿ ಹಾಗೆ ಮಾಡುವಂತಿಲ್ಲ, ಎ-ಬಿ-ಸಿ ಗುರುತಿನಂತೆಯೇ ಜೋಡಿಸಿ, ದಿಕ್ಕನ್ನು ಇಎಸ್‌ಸಿ ಸೆಟ್ಟಿಂಗಿನಲ್ಲಿ ಬದಲಿಸಿ.

ರಿಸೀವರಿನ ಹಳೇ ಬ್ಯಾಟರಿಯನ್ನು ಮತ್ತೆ ಜೋಡಿಸಬೇಡಿ. ಇಎಸ್‌ಸಿಯಲ್ಲೇ ಬಿಇಸಿ ಇರುತ್ತದೆ, ಅಂದರೆ ದೊಡ್ಡ ಬ್ಯಾಟರಿಯಿಂದ 6 ವೋಲ್ಟಿನಷ್ಟು ಇಳಿಸಿ ರಿಸೀವರಿಗೂ ಸರ್ವೋಗೂ ಕೊಡುವ ಭಾಗ. ಎರಡೂ ಕಡೆಯಿಂದ ವಿದ್ಯುತ್ ಬಂದರೆ ಒಂದು ಹಾಳಾಗುತ್ತದೆ. ಬಿಇಸಿಯನ್ನು 7.4ಕ್ಕೆ ಏರಿಸುವ ಸೌಲಭ್ಯವಿದ್ದರೂ ಹಳೇ ಸರ್ವೋಗೆ 6 ದಾಟಿಸಬೇಡಿ.

6. ಮೊದಲ ಚಾಲನೆ

ಪಿನಿಯನ್ ಸ್ಪರ್‌ಗೆ ತಾಗದಂತೆ ಮೋಟಾರ್ ಹಿಂದೆ ಸರಿಸಿ, ರಿಮೋಟ್ ಮೊದಲು ಆನ್ ಮಾಡಿ, ಆಮೇಲೆ ಕಾರು. ಇಎಸ್‌ಸಿಗೆ ನ್ಯೂಟ್ರಲ್, ಪೂರ್ತಿ ಥ್ರಾಟಲ್, ಪೂರ್ತಿ ಬ್ರೇಕ್ ಈ ಮೂರನ್ನೂ ಕಲಿಸಬೇಕು, ಕ್ರಮ ಅದರ ಕೈಪಿಡಿಯಲ್ಲಿರುತ್ತದೆ. ಥ್ರಾಟಲ್ ಒತ್ತಿದರೆ ಬ್ರೇಕ್ ಎಂದು ತಿಳಿಯುತ್ತಿದ್ದರೆ ರಿಮೋಟಿನಲ್ಲಿ ಥ್ರಾಟಲ್ ರಿವರ್ಸ್ ಸ್ವಿಚ್ ಹಾಕಿ. ಫೇಲ್‌ಸೇಫ್ ಕಡ್ಡಾಯ, ಅಂದರೆ ಸಿಗ್ನಲ್ ತಪ್ಪಿದಾಗ ಕಾರು ನ್ಯೂಟ್ರಲಿಗೆ ಬರುವಂತೆ ಹೊಂದಿಸುವುದು. ಕಾರು ಓಡುತ್ತಿರುವಾಗ ರಿಮೋಟ್ ಆಫ್ ಆದರೆ ಏನಾಗುತ್ತದೆ ಎಂಬುದನ್ನು ಅಂಗಳದಲ್ಲಲ್ಲ, ಮೇಜಿನ ಮೇಲೆಯೇ ನೋಡಿಕೊಳ್ಳಿ.

ಇಎಸ್‌ಸಿಯ ಸೆಟ್ಟಿಂಗಿನಲ್ಲಿ ಕಟ್‌ಆಫ್ (ಬ್ಯಾಟರಿ ಇಷ್ಟಕ್ಕಿಳಿದರೆ ಮೋಟಾರ್ ನಿಲ್ಲಿಸುವ ಮಿತಿ) ಅನ್ನು ಸೆಲ್ಲಿಗೆ 3.4 ವೋಲ್ಟಿನ ಆಸುಪಾಸು, ಟೈಮಿಂಗ್ ಕನಿಷ್ಠ, ಬ್ರೇಕ್ ಬಲ ಅರ್ಧದಷ್ಟು ಇಟ್ಟು ಶುರು ಮಾಡಿ. ಪಿನಿಯನ್ ಮತ್ತೆ ಕೂರಿಸಿ, ಶಾಸಿಯಡಿ ಇಟ್ಟಿಗೆ ಕೊಟ್ಟು ಚಕ್ರ ಎತ್ತಿ, ಮೆಲ್ಲಗೆ ತಿರುಗಿಸಿ ದಿಕ್ಕು ನೋಡಿ. ಗಾಳಿಯಲ್ಲಿ ಪೂರ್ತಿ ಥ್ರಾಟಲ್ ಕೊಡಬೇಡಿ, ಟೈರು ಉಬ್ಬಿ ಹರಿದು ಮುಖಕ್ಕೆ ಬಡಿಯಬಹುದು.

ಅಡಿಕೆ ಒಣಗಿಸುವ ಅಂಗಳ ಖಾಲಿಯಿದ್ದರೆ ಮೊದಲ ಓಟಕ್ಕೆ ಅದಕ್ಕಿಂತ ಒಳ್ಳೆ ಜಾಗವಿಲ್ಲ. ಕೊಯ್ಲಾದ ಗದ್ದೆಯನ್ನು ಮೊದಲ ದಿನಕ್ಕೆ ಇಟ್ಟುಕೊಳ್ಳಬೇಡಿ. ಕೂಳೆಯ ಎಳೆ ಡ್ರೈವ್‌ಶಾಫ್ಟಿಗೆ ಸುತ್ತಿಕೊಂಡು ಮೋಟಾರ್ ತಿಣುಕುತ್ತದೆ, ಬಿಸಿ ಏರುತ್ತದೆ, ಗೇರು ಲೆಕ್ಕ ತಪ್ಪಿತೆಂದು ನೀವು ಅಂದುಕೊಳ್ಳುತ್ತೀರಿ. ಎರಡು ನಿಮಿಷ ಓಡಿಸಿ, ನಿಲ್ಲಿಸಿ, ಕೋವಿಡ್ ಕಾಲದಲ್ಲಿ ಮನೆಮನೆಗೆ ಬಂದ ಹಣೆಯ ಥರ್ಮಾಮೀಟರ್ ಅಲ್ಲ, ಮೆಕ್ಯಾನಿಕ್‌ಗಳು ಬಳಸುವ ಇನ್‌ಫ್ರಾರೆಡ್ ಥರ್ಮಾಮೀಟರಿನಲ್ಲಿ ಮೋಟಾರ್ ನೋಡಿ. 80 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತಿದ್ದರೆ ಪಿನಿಯನ್ ಒಂದೆರಡು ಹಲ್ಲು ಇಳಿಸಿ. ಎಲ್ಲ ತಣ್ಣಗಿದ್ದರೆ ಐದು, ಹತ್ತು ನಿಮಿಷಕ್ಕೆ ಏರಿಸಿ.

ಎಳೆಯುವಾಗ ಮುಂದಿನ ಟೈರು ಮಾತ್ರ ಉಬ್ಬಿ ತಿರುಗುತ್ತಿದ್ದರೆ ಸೆಂಟರ್ ಡಿಫರೆನ್ಷಿಯಲ್‌ಗೆ ದಪ್ಪ ಸಿಲಿಕಾನ್ ಎಣ್ಣೆ ಬೇಕು. ಎಣ್ಣೆಯ ದಪ್ಪದ ಅಂಕಿ ನೈಟ್ರೋದಲ್ಲಿ 5,000 ಇದ್ದರೆ 10,000 ಅಥವಾ 20,000ದ್ದನ್ನು ಹಾಕಿ. ತುಂಬಿದ ಟ್ಯಾಂಕಿಗಿಂತ ಬ್ಯಾಟರಿ ಭಾರ, ಕಾರು ಆ ಬದಿಗೆ ತಗ್ಗಿದ್ದರೆ ಸ್ಪ್ರಿಂಗಿನ ಕಾಲರ್ ಬಿಗಿಸಿ.

7. ಚಾರ್ಜಿಂಗ್, ಮಳೆಗಾಲ

5000 ಎಂಎಎಚ್ ಪ್ಯಾಕಿಗೆ 5 ಆಂಪಿಯರ್ ಚಾರ್ಜ್ ಸುರಕ್ಷಿತ. 4ಎಸ್‌ಗೆ ಅದು 84 ವ್ಯಾಟ್ ಆಗುತ್ತದೆ, ಚಾರ್ಜರ್ 100 ವ್ಯಾಟಿನದ್ದಿರಲಿ. ಬ್ಯಾಲೆನ್ಸ್ ವೈರು ಹಾಕದೆ ಚಾರ್ಜ್ ಮಾಡಬೇಡಿ. ಕರೆಂಟ್ ಹೋಗಿ ಬಂದಾಗ ಚಾರ್ಜರ್ ನಿಂತೇ ಇರುವುದು ಹೆಚ್ಚು, ಎದ್ದು ನೋಡಬೇಕು. 12 ವೋಲ್ಟಿನ ಡಿಸಿ ಇನ್‌ಪುಟ್ ಇರುವುದನ್ನು ಕೊಂಡರೆ ನೀವು ಓಡಾಡುವ ದೊಡ್ಡ ಕಾರಿನ ಬ್ಯಾಟರಿಯಿಂದಲೂ ನಡೆಸಬಹುದು.

ಹಳೇ ಮಲೆನಾಡು ಮನೆಗಳಲ್ಲಿ ಮರದ ಅಟ್ಟ, ಪಕ್ಕದಲ್ಲೇ ಅಡಿಕೆ ಸಿಪ್ಪೆ, ದರಕು, ಸೋಗೆ. ಲಿಪೋ ಅಂಥ ಕಡೆ ಚಾರ್ಜ್ ಮಾಡಬೇಡಿ, ಇಡಲೂ ಬೇಡಿ. ಸಿಮೆಂಟ್ ನೆಲದ ಮೇಲೆ, ಬಾಯಗಲದ ಮಣ್ಣಿನ ಪಾತ್ರೆಯಲ್ಲಿಟ್ಟು, ಕಣ್ಣೆದುರಿಗೇ ಚಾರ್ಜ್ ಮಾಡಿ. ಒಂದು ಬಕೆಟ್ ಒಣ ಮರಳು ಹತ್ತಿರವಿರಲಿ. ಊದಿದ ಪ್ಯಾಕನ್ನು ಇನ್ನೊಂದು ಸಲ ನೋಡೋಣ ಎಂದು ಚಾರ್ಜಿಗೆ ಹಾಕಬೇಡಿ.

ಇಎಸ್‌ಸಿ ವಾಟರ್‌ಪ್ರೂಫ್ ಇದ್ದರೂ ಮೋಟಾರಿನ ಬೇರಿಂಗ್ ಅಲ್ಲ. ಕೆಸರಿನಲ್ಲಿ ಓಡಿಸಿದ ದಿನವೇ ಮಣ್ಣು ಬ್ರಷ್‌ನಲ್ಲಿ ಉದುರಿಸಿ, ಒರೆಸಿ, ಬೇರಿಂಗಿಗೆ ಒಂದೊಂದು ಹನಿ ಎಣ್ಣೆ ಬಿಡಿ. ಎಂಜಿನ್ ತಲೆ ಹೊರಬರಲೆಂದು ಕಾರಿನ ಬಾಡಿಯಲ್ಲಿ ಕತ್ತರಿಸಿದ್ದ ತೂತನ್ನು ಮಳೆಗಾಲದಲ್ಲಿ ಪಾರದರ್ಶಕ ಫೈಲ್ ಹಾಳೆಯಿಂದ ಮುಚ್ಚಿ, ಬೇಸಿಗೆಯಲ್ಲಿ ತೆಗೆದರೆ ಗಾಳಿಯಾಡುತ್ತದೆ. ತಿಂಗಳುಗಟ್ಟಲೆ ಓಡಿಸುವುದಿಲ್ಲವಾದರೆ ಬ್ಯಾಟರಿಯನ್ನು ತುಂಬಿಸಿಯೂ ಇಡಬೇಡಿ, ಖಾಲಿ ಮಾಡಿಯೂ ಇಡಬೇಡಿ. ಚಾರ್ಜರಿನ ಸ್ಟೋರೇಜ್ ಮೋಡ್‌ನಲ್ಲಿ ಸೆಲ್ಲಿಗೆ 3.8 ವೋಲ್ಟಿಗೆ ತಂದು, ಕಾರಿನಿಂದ ತೆಗೆದು ಬೇರೆ ಇಡಿ, ತಿಂಗಳಿಗೊಮ್ಮೆ ವೋಲ್ಟೇಜ್ ನೋಡಿ.